ಕಣಜದ ಹಿಂದಿನ ಗಡಿಗಿ

…ಬಾಯಾಗ ಮಣ್ಣು ತುಂಬ್ಯಾರೇನು ನಿನಗ? ಮಾತಾಡು ಮಾಳವ್ವ! ನಿಮ್ಮತ್ತಿ ಕೇಳಾಕತ್ತೀನಿ, ಗ್ವಾಡಿ ಕೇಳಾಕತ್ತಿಲ್ಲ. ಹೊತ್ತು ಮುಳುಗೂದ್ರಾಗ ಕುಂಬಾರ ಓಣಿ ಹಿರ್ಯಾರೆಲ್ಲಾ ಬಂದು ಈ ಪಡಸಾಲ್ಯಾಗ ಕುಂದ್ರತಾರ. ಬಾಲಪ್ಪ ಮೀಸಿ ತಿರುವಕೋಂತ ಕೇಳ್ತಾನ, "ಗಾಳೆಮ್ಮ, ನಿನ್ನ ಸೊಸಿ ತಿಗರಿ ಮುಟ್ಟ್ಯಾಳ, ತಿರುಗೋ ತಿಗರಿ ಮ್ಯಾಲೆ ಗಡಿಗಿ ಎತ್ಯಾಳ. ಈಗೇನು ಮಾಡ್ತಿ?" ಅಂತ. ಆವಾಗ ನಾ ಏನನ್ಲಿ? ನೀ ಹಿಂಗ ಮಾರಿ ಕೆಳಗ ಹಾಕ್ಕೊಂಡು ಕುಂತ್ರ ನಾ ಏನನ್ಲಿ ಹೇಳು?

ಮತ್ತ ಆ ಗಂಟು ಯಾಕ ಅಲ್ಲಿ? … ಬಾಗಲಾ ಮಗ್ಗಲಕ ಇಟ್ಟೀಯಲ್ಲ, ಅದು. ಸೀರಿ, ಕುಬಸ, ಕೌದಿ, ಎಲ್ಲಾ ಕಟ್ಟೀದಿ. ಯಾರು ಹೋಗಂದ್ರು ನಿನ್ನ? ನಾ ಅಂದ್ನೇನು? ಬೈದೀನಿ, ಹೌದು. ಮುಂಜಾನಿಂದ ಬೈಯಾಕತ್ತೀನಿ, ನನ್ನ ಗಂಟಲ ಹರದು ಹೋಗೇತಿ. ಬೈದ್ರ ಹೋಗು ಅಂದಂಗೇನು? ಬಿಚ್ಚು ಅದನ್ನ! … ಬಿಚ್ಚೂದಿಲ್ಲ? ಇರ್ಲಿ ಬಿಡು. ಎಷ್ಟು ಸೊಕ್ಕವ್ವ ನಿನಗ! ನೋಡಾಕ ಬೆಕ್ಕಿನ ಮರಿ ಹಂಗ ಇದ್ದಿ, ಮದಿವ್ಯಾಗಿ ಬಂದಾಗ.

ಇದಕ್ಕೆಲ್ಲಾ ಆ ಪಿಂಗಾಣಿ ಸಾಲಿ ಮೂಲ. ನಾ ಆವತ್ತ ಹೇಳಿದ್ದೆ, ಬ್ಯಾಡ ಅಂತ. ಲಡಾಯಿ ಹತ್ತೇತಿ, ಹಡಗಿನ್ಯಾಗ ಭರಣಿ ಬರವಲ್ವು, ಅದಕ್ಕ ನಿಜಾಮರ ಸರ್ಕಾರ ಗಂಗಾವತ್ಯಾಗ ಸಾಲಿ ತಗದೈತಿ, ಕುಂಬಾರರ ಹೆಣ್ಮಕ್ಕಳು ಬಂದು ಗಡಿಗಿಗೆ ಗಾಜು ಹಚ್ಚೂದು ಕಲೀಬೇಕು… ಡಂಗುರ ಹೊಡದಿದ್ದ ಹೊಡದಿದ್ದು! ಬಾಲಪ್ಪನ ಅಲ್ಲೇನು ಆಗ ಮುಂದ ನಿಂತು ಹೂಂ ಅಂದಾಂವ? "ಹಚ್ಚಲಿ, ಗಾಜು ಹಚ್ಚಿದ್ರ ಏನಾಕ್ಕೈತಿ? ತಿಗರಿ ಗಂಡಸರದು, ಅದನ್ನ ಮುಟ್ಟದಿದ್ರ ಸಾಕು" ಅಂದಾಂವ? ತಹಶೀಲ್ದಾರ ಸಾಹೇಬನ ಮುಂದ ಹಲ್ಲು ಕಿಸದು ನಿಂತಿದ್ದ, ಹಿರೇ ಮನಷ್ಯಾ!

ಮತ್ತ ಆ ಫಾತಿಮಾಬೀ. ಬೀದರ ಕಡ್ಯಾಕಿ ಅಂತ. ಅಪ್ಪ ಅಜ್ಜ ಎಲ್ಲಾರೂ ದರ್ಗಾದ ಗ್ವಾಡಿಗೆ ಹಚ್ಚೋ ಹಸರು ನೀಲಿ ಬಿಲ್ಲಿ ಸುಟ್ಟಾರಂತ. ಬಂದಾಕಿ ನೆಟ್ಟಗ ಸಾಲ್ಯಾಗ ಕುಂದ್ರಬಾರದ? ಆನಿಗೊಂದಿ ಹಾಳ ಗುಡ್ಯಾಗ ಬಾಗಿ ಬಾಗಿ ಚೂರು ಆರಿಸಿಗೋಂತ ಹೊಂಟ್ಲು. ಹಳೀ ಅರಸರ ಕಾಲದ ಬಾಂಡ್ಯಾದ ಚೂರು, ಹಸರ ಹೊಳಪು, ಇಷ್ಟು ವರ್ಷ ಮಳ್ಯಾಗ ಬಿಸಲಾಗ ಬಿದ್ರೂ ಮಾಸಿಲ್ಲ ಅಂತ ಅಕಿ ಹಾಡಿದ್ದ ಹಾಡಿದ್ದು. "ಇದನ್ನ ಹೆಂಗ ಮಾಡಿದ್ರು ಅಂತ ನಾವು ಕಲಿಯೂಣು ಬೇಟಿ" ಅಂದ್ಲಂತ. ನೀ ಅಲ್ಲೇ ಕರಗಿ ಹೋದಿ!

ಆಮ್ಯಾಲೆ ಬಳಿ ಚೂರಿನ ಹುಚ್ಚು. ಹಸರ ಬಳಿ ಕುಟ್ಟಿ, ಸೀಸ ಕೂಡಿಸಿ, ತಾಂಬ್ರದ ಕಿಲುಬು ಹಾಕಿ ಅರದ್ರ ಆ ಹೊಳಪು ಬರ್ತೈತಂತ. ಓಣಿಯಾಗ ಮನಿ ಮನಿ ತಿರಗಿ ಒಡದ ಬಳಿ ಬೇಡಿಕೊಂಡು ಬಂದಿ! ಮುತ್ತೈದೇರು ಒಡದ ಬಳಿ ಅಂತಾರೇನು ಬಾಯಿಬಿಟ್ಟು? "ಹೆಚ್ಚಾದುವು" ಅಂತಾರ. ಅಂಥಾ ಬಳಿ ತಂದು ನನ್ನ ಒಳಕಲ್ಲಿನಾಗ ಹಾಕಿ ಕುಟ್ಟಿದಿ. ಮರುದಿವಸ ಹಿಂಡಿ ಅರದ್ರ ಹಲ್ಲಿನ್ಯಾಗ ಕರಕರ. ನಿಮ್ಮ ಮಾವ ಗೋಣೆಪ್ಪ ರೊಟ್ಟಿ ಉಗುಳಿ "ಏನಬೇ ಗಾಳೆಮ್ಮ, ನನ್ನ ಮ್ಯಾಲೆ ಯಾಕ ಸಿಟ್ಟು?" ಅಂದ. ಆ ಹಿಂಡಿ ಎಲ್ಲಾ ತಿಪ್ಪಿಗೆ ಚೆಲ್ಲಬೇಕಾತು.

ಮತ್ತ ಆ ಹರವಿ! ಮೊದಲನೇ ಸಲ ಹಚ್ಚಿ ತಂದಿದ್ಯಲ್ಲ, ನೀರಿನ ಹರವಿ. ಪಳಪಳ ಹೊಳ್ಯಾಕತ್ತಿತ್ತು. ಓಣಿ ಮಂದಿಯೆಲ್ಲಾ ನೋಡಾಕ ಬಂದ್ರು. ರಣರಣ ಬಿಸಲಾಗ ನಿನ್ನ ಗಂಡ ಹನಮಪ್ಪ ಬಂಡಿ ಬಿಟ್ಟು ಬಂದು ಚರಗಿ ಎತ್ತಿ ಕುಡದಾಂವ "ಯವ್ವಾ, ಚಾ ಕಾಸೀರೇನು ಇದರಾಗ?" ಅಂದ! ಕುಂಬಾರರ ಮಗಳಾಗಿ ತಿಳೀಲಿಲ್ಲೇನು ನಿನಗ? ಗಾಜು ಹಚ್ಚಿದ ಹರವಿ ಬೆವರತೈತೇನು? ಬೆವರದಿದ್ರ ನೀರು ತಂಪ ಆಕ್ಕೈತೇನು? ಉಪ್ಪಿನಕಾಯಿಗೆ ಹಚ್ಚು, ಎಣ್ಣಿ ಬುಡ್ಡಿಗೆ ಹಚ್ಚು… ನೀರಿನ ಹರವಿಗೆ ಹಚ್ಚತಾರೇನು ಮಬ್ಬಿ!

ಯಾಕ ನಗ್ತೀ? … ನಕ್ಕಿ, ನಾ ನೋಡ್ದೆ. ಹಿರ್ಯಾರು ಬರೂ ಹೊತ್ತಿನ್ಯಾಗ ನಗು ಬರ್ತೈತಿ ಈಕಿಗೆ! ನಾ ಏನು ನಗಿಸಾಕ ಹೇಳಿದ್ನೇನು?

ಮೊನ್ನೆ ನಗಬೇಕಿತ್ತು, ಸಾಹೇಬ ಸಾಲಿ ನೋಡಾಕ ಬಂದಾಗ. ನೀವೆಲ್ಲಾರೂ ಹಚ್ಚಿದ ಗಡಿಗಿ ಮೇಜಿನ ಮ್ಯಾಲೆ ಸಾಲಾಗಿ ಇಟ್ಟಿದ್ರಿ. ಸಾಹೇಬ ನಿನ್ನ ಹಸರ ಗಡಿಗಿ ಕೈಯಾಗ ತಗೊಂಡ, ಬೆಳಕಿಗೆ ಹಿಡದ, "ವಾಹ್" ಅಂದ. ಬಾಲಪ್ಪಗ ಹೊಟ್ಟಿ ಉರೀತು. ಇಸಗೊಂಡು ಅತ್ತಾಗ ಇತ್ತಾಗ ತಿರುವಿ ನೋಡಿದ, ಕಂಠದ ಒಳಗಿನ ಬೆರಳ ಗೆರಿಯಾಗ ತನ್ನ ಬೆರಳ ಇಟ್ಟ. ಅವನ ಬೆರಳ ಹಿಡೀಲಿಲ್ಲ. ಅಲ್ಲಿದ್ದ ಗಂಡಸರದ್ಯಾರದೂ ಹಿಡೀಲಿಲ್ಲ. "ಇದು ಗೋಣೆಪ್ಪನ ಕೈ ಅಲ್ಲ. ಇದು ಹೆಣ್ಣಿನ ಬೆರಳಿನ ಗೆರಿ!" ಅಂತ ಸಾಹೇಬನ ಮುಂದ ಒದರಿದ. ಎಲ್ಲಾರೂ ನಿನ್ನ ಮಾರಿ ನೋಡಿದ್ರು.

ಅಲ್ಲಾ, ನಾ ಕೇಳ್ತೀನಿ. ಸಾದಾ ಗಡಿಗಿ ಆಗಿದ್ರ ಯಾರಿಗೆ ಕಾಣತಿತ್ತು ಆ ಗೆರಿ? ಒದ್ದಿ ಅರವಿಲೆ ಒರಸತೀವಿ, ಕೆಂಪ ಜಾಜು ಬಳೀತೀವಿ, ನುಣ್ಣನ ಕಲ್ಲಿಲೆ ಉಜ್ಜತೀವಿ, ಯಾರು ಎತ್ತಿದ್ದು ಅಂತ ದೇವರಿಗೂ ತಿಳಿಯೂದಿಲ್ಲ. ನೀ ಬಿಳಿಮಣ್ಣು ಬಳದು ಅದರ ಮ್ಯಾಲೆ ಹಸರ ಗಾಜು ಹಚ್ಚಿ ಸುಟ್ಟಿ. ಬೆಂಕ್ಯಾಗ ಗಾಜು ಕರಗಿ ನೀರಾಗಿ, ಎಲ್ಲಿ ತಗ್ಗು ಐತೋ ಅಲ್ಲಿ ಹರದು ನಿಂತತಿ. ಬೆರಳಾಡಿದ್ದೆಲ್ಲಾ ಕಡು ಹಸರ ಗೆರಿಯಾಗಿ ಎದ್ದು ಕಾಣಾಕತ್ತತಿ. ಊರಿಗೆ ಊರ ಓದೂ ಹಂಗ!

ಮತ್ತ ಗಡಿಗಿಗೆ ಬರ ಬಿದ್ದಿತ್ತೇನು ಈ ಮನ್ಯಾಗ? ಹಿತ್ತಲದಾಗ ಗುಡ್ಡಿ ಬಿದ್ದಾವ. ಅವೆಲ್ಲಾ ಬಿಟ್ಟು, ಜೋಳದ ಕಣಜದ ಹಿಂದ, ಹಳೇ ಗೋಣಿ ಹೊಚ್ಚಿ ಇಟ್ಟಿದ್ದ ಗಡಿಗೀನ ಯಾಕ ಬೇಕಾತು ನಿನಗ? ಅಲ್ಲಿ ಯಾಕ ಕೈ ಹಾಕಿದಿ?

… ಏನು? ಏನ ನೋಡ್ತೀ?

ಯಾರರ ಇಟ್ಟಿರ್ತಾರ. ನಿಮ್ಮ ಮಾವ ಇಟ್ಟಿರಬೇಕು. ನನಗ ಹೆಂಗ ಗೊತ್ತು ಅಂದ್ರ… ಮನಿ ಕಸಾ ಹೊಡಿಯಾಕಿ ನಾನು, ನನಗ ಗೊತ್ತಿರೂದಿಲ್ಲೇನು? ಕಂಡಿದ್ದೆ ಒಮ್ಮೆ. ಬಿಡು ಆ ಮಾತ.

ಮತ್ತ ನೋಡ್ತೀ! ನನ್ನ ಕೈ ಯಾಕ ನೋಡ್ತೀ? ಸೆರಗಿನಾಗ ಇಟಗೊಂಡೀನಿ, ನನ್ನ ಕೈ, ನನ್ನ ಸೆರಗು. ಥಂಡಿ ಹತ್ತೇತಿ. ಬ್ಯಾಸಗ್ಯಾಗ ಎಲ್ಲಿ ಥಂಡಿ ಅಂತೀಯೇನು? ವಯಸ್ಸಾದಮ್ಯಾಲೆ ನಿನಗೂ ಹತ್ತೈತಿ, ನೋಡೀಯಂತ!

ತಡಿ… ಏನದು? ಕೆಮ್ಮಿದ್ರೇನು? … ಇಲ್ಲ, ಎಮ್ಮಿ. ನಾ ಬೆಚ್ಚಿ ಬಿದ್ದೆ ಅಂತ ನೀ ಹಂಗ್ಯಾಕ ಮಾರಿ ಮಾಡ್ತೀ? ಮುದುಕ ಹೊರಗಿನ ಬಾಗಲದಾಗ ಕುಂತಾನ, ಕೆಮ್ಮಿದ್ರ ಏನರ ಬೇಕಾಗೇತೋ ಅಂತ ಏಳತೀನಿ. ಗಂಡ ಕೆಮ್ಮಿದ್ರ ಹೆಂಡ್ತಿ ಏಳಬಾರದೇನು?

ಬಾಲಪ್ಪಗ ಗೊತ್ತಿಲ್ಲೇನು ನಿಮ್ಮ ಮಾವನ ಕೈ ಎಂಥಾದ್ದು ಅಂತ? ಊರೆಲ್ಲಾ ಹೇಳ್ತೈತಿ. "ಗೋಣೆಪ್ಪನ ಕೈ ತುತ್ತು ಎತ್ತೂ ಮುಂದ ನಡಗತಾವ, ಚಿಲುಮಿ ಹಿಡಿಯೂ ಮುಂದ ನಡಗತಾವ, ಬಾಗಲಾ ಹಾಕ್ಕೊಂಡು ತಿಗರಿ ಮುಂದ ಕುಂತ್ರ ಮಾತ್ರ ನಿಂತ ಬಿಡತಾವ. ಹುಲಿಗೆಮ್ಮನ ವರ ಅದು" ಅಂತ. ಹುಲಿಗಿಗೆ ಹೋಗೂ ಮಂದಿ ಇಲ್ಲಿ ಬಂಡಿ ನಿಲ್ಲಿಸಿ, ಆ ಕೈ ಮುಟ್ಟಿ ನಮಸ್ಕಾರ ಮಾಡಿ ಹೋಗ್ತಾರ. ಬಾಲಪ್ಪ ತನ್ನ ಮಗಳ ಮದಿವಿಗೆ ಐರಾಣಿ ಗಡಿಗಿ ಬೇಕಾದಾಗ, ತನ್ನ ಮನ್ಯಾಗ ತಿಗರಿ ಇಟಗೊಂಡು, "ಬ್ಯಾಡ, ಗೋಣೆಪ್ಪನ ಕೈಯಾವ ಬೇಕು" ಅಂತ ಬಾಜಾ ಭಜಂತ್ರಿ ತಗೊಂಡು ಬಂದು ಒಯ್ದ. ಆವಾಗ ಬೆರಳಿಟ್ಟು ನೋಡಿದ್ನೇನು? ಆವಾಗ ಕಣ್ಣ ಎಲ್ಲಿ ಹೋಗಿದ್ವು ಅವಗ?

ಮತ್ತ ಇವರ ಶಾಸ್ತ್ರ ಕೇಳು. ಕೆರಿಗೆ ಹೋಗಿ ಮಣ್ಣು ಅಗದು ಹೊತ್ತು ತರಾಕ ಹೆಣ್ಣು ಬೇಕು. ಕುಟ್ಟಾಕ, ಸಾಣಿಸಾಕ, ತುಳಿಯಾಕ ಹೆಣ್ಣು. ತಿಗರಿ ಮ್ಯಾಲಿಂದ ಇಳದಿದ್ದನ್ನ ಹಲಗಿಲೆ ಬಡದು ಬಡದು ತಳಾ ಕೂಡಿಸಾಕ ಹೆಣ್ಣು. ಗಡಿಗಿ ಸುಡೂ ಆವಿಗಿ ಒಟ್ಟಾಕ, ಬೆಂಕಿ ಕಾಯಾಕ, ಬುಟ್ಟ್ಯಾಗ ಹೊತ್ತು ಮಾರಾಕ ಹೆಣ್ಣು. ನಡುವ ಅದೊಂದು, ತಿಗರಿ ತಿರುಗೂ ಅಷ್ಟೊತ್ತು, ಅದನ್ನ ಹೆಣ್ಣು ಮುಟ್ಟಿದ್ರ ಮೈಲಿಗಿ! ಮಣ್ಣು ಅದ, ಕೈ ಅದ. ಅಷ್ಟೊತ್ತಿನ್ಯಾಗ ಕೈಗೇನು ಹುಳಾ ಬೀಳ್ತಾವೇನು?

… ನಾ ಬೈಯಾಕತ್ತಿದ್ದು ನಿನಗ. ಎಲ್ಲಿಂದ ಎಲ್ಲಿಗೆ ಹೋದೆ ನೋಡು. ನೀ ಮಾತಾಡಿದ್ರ ನಾ ಇಷ್ಟು ಮಾತಾಡ್ತಿದ್ದಿಲ್ಲ.

ಮತ್ತ… ಏನಂದ್ಲು ಅಕಿ, ಫಾತಿಮಾಬೀ? ನಿನ್ನೆ ಹೇಳಾಕತ್ತಿದ್ದಿ, ನಾ ಸಿಟ್ಟಿಲೆ ಕೇಳಿಲ್ಲ. ಮೊದಲನೇ ಸಲ ಆ ಗಡಿಗಿ ಒಯ್ದಾಗ… ಕಂಠದ ಸುತ್ತ ಕೈಯಾಡಿಸಿ ಏನೋ ಅಂದ್ಲಂತಲ್ಲ. "ಇದನ್ನ ಎತ್ತಿದ ಕೈ ಉಸ್ತಾದನ ಕೈ. ನಮ್ಮ ಅಪ್ಪ ಇದ್ದಿದ್ರ ಕಣ್ಣಿಗೆ ಒತ್ತಿಕೋತಿದ್ದ." ಹಂಗಂದ್ಲೇನು? ಖರೇನ ಹಂಗಂದ್ಲೇನು? ಕಣ್ಣಿಗೆ ಒತ್ತಿಕೋತಿದ್ದ ಅಂದ್ಲೋ, ಸುಮ್ಮ ಛಲೋ ಐತಿ ಅಂದ್ಲೋ?

… ಹೂಂ ಅಂತ ಗೋಣರ ಆಡಿಸಿದಿ. ಆತು. ನನಗೇನು. ಸುಮ್ಮ ಕೇಳಿದೆ.

ಇಲ್ಲಿ ಕೇಳು ಈಗ, ಹೊತ್ತಿಲ್ಲ. ನಾ ಹೇಳಿದಂಗ ಹೇಳು. ಬಾಲಪ್ಪ ಕೇಳಿದ ಕೂಡಲೇ ಅವರ ಪಾದಕ್ಕ ಬೀಳು. "ತಪ್ಪಾತ್ರಿ ಯಪ್ಪಾ, ಮಾವ ಮನ್ಯಾಗಿಲ್ಲದಾಗ ಒಮ್ಮೆ ಮುಟ್ಟಿದೆ, ತಿಳೀದ ಮುಟ್ಟಿದೆ" ಅನ್ನು. ಅವರು ಒಂದಿಷ್ಟು ಒದರತಾರ. ತವರಿಗೆ ಕಳಸು ಅಂತಾರ. ಹೋಗು. ಒಂದಿಷ್ಟು ದಿವಸ ಇರು. ಆಮ್ಯಾಲೆ ಹುಲಿಗಿಗೆ ಹೋಗಿ ಹೊಳ್ಯಾಗ ಮಿಂದು, ಹುಲಿಗೆಮ್ಮಗ ಉಡಿ ತುಂಬಿ ಬಂದ್ರ ಶುದ್ಧ. ನಾನ ಬಂದು ಕರಕೊಂಡು ಬರ್ತೀನಿ. ಹನಮಪ್ಪಗ ಬ್ಯಾರೆ ಹೆಣ್ಣು ತರೂ ಮಾತು ಬಾಲಪ್ಪ ಎತ್ತಿದ್ರ ಅವನ ನಾಲಿಗಿ ಕಿತ್ತ ಒಗಿತೀನಿ. ಗಾಳೆಮ್ಮ ಅದೀನಿ ನಾನು!

ನಿನಗೇನಾಕ್ಕೈತಿ ಹೋದ್ರ? ಎಳೇ ವಯಸ್ಸು. ಅಪ್ಪ ಅದಾನ, ಅವ್ವ ಅದಾಳ, ಹೋದ್ರ ರೊಟ್ಟಿ ಹಾಕ್ತಾರ. ನನ್ನಂಥಾಕಿಗೆ ಹೋಗಂದ್ರ ನಾ ಎಲ್ಲಿಗೆ ಹೋಗ್ಲಿ? ಈ ವಯಸ್ಸಿನ್ಯಾಗ, ಆ ಮುದುಕನ ಬಿಟ್ಟು, ಯಾರ ಬಾಗಲಕ…

… ಏನಿಲ್ಲ. ನಾ ಏನೂ ಅನಲಿಲ್ಲ. ಬಾಯಿ ಜಾರಿತು.

ಏಳಬ್ಯಾಡ. ಎಲ್ಲಿ ಹೊಂಟಿ? … ಆ ಗಡಿಗಿ ಯಾಕ ತಂದಿ ಇಲ್ಲಿ? ಸಾಲ್ಯಾಗ ಬಿಟ್ಟು ಬಂದಿಲ್ಲೇನು ಅದನ್ನ? ಮುಚ್ಚಿಡು! ನಾ ನೋಡೂದಿಲ್ಲ ಅಂದ್ನೆಲ್ಲ ನಿನ್ನೆ, ನೋಡೂದಿಲ್ಲ ಅಂದ್ರ ನೋಡೂದಿಲ್ಲ. ನನ್ನ ಮುಂದ ಇಡಬ್ಯಾಡ…

ಯವ್ವಾ.

ಎಷ್ಟು ಹಸರು ಬಂದೈತಿ.

ಕೆರಿ ತುಂಬಿದಾಗ ನೆರಳಾಗ ಕಾಣತೈತಲ್ಲ, ಹಂಗ… ಈ ಕಂಠಾ ನೋಡು, ಎಲ್ಲೂ ಸೊಟ್ಟಿಲ್ಲ. ಒಂದ ಉಸರಿನ್ಯಾಗ ಎತ್ತಿದ್ದು. ಆವತ್ತ ಮಣ್ಣು ಭಾಳ ಛಲೋ ಕೂಡಿತ್ತು, ಬೆಣ್ಣಿ ಹಂಗ…

ನೀ ಏನು ಮಾಡಾಕತ್ತೀ? ಬೆರಳ ಯಾಕ ಇಡ್ತೀ ಅದರಾಗ? … ತಗಿ. ಕಂಡೈತಿ ನನಗ, ತಗಿ. ಒಂದ ಗೆರಿಯಾಗ ನಿನ್ನ ಬೆರಳ ಕುಂತತಿ. ಮಗ್ಗಲಕ ಇನ್ನೊಂದು ಸಣ್ಣ ಗೆರಿ ಖಾಲಿ ಉಳದೈತಿ. ನಿನ್ನ ಬೆರಳ ನೆಟ್ಟಗ ಐತಿ. ಅದಕ್ಕ ಗೆಣ್ಣು ಸೊಟ್ಟಾದ ಬೆರಳ ಬೇಕು, ಒಳಕಲ್ಲಿನಾಗ ಸಿಕ್ಕು ಮುರದು ಸೊಟ್ಟಾಗಿ ಕೂಡಿದ್ದು ಬೇಕು. ಗೊತ್ತೈತಿ ನನಗ! ನನಗ ತೋರಸ್ತೀಯೇನು? ನನಗ?

ಗೊತ್ತಿತ್ತು ನಿನಗ. ಯಾವಾಗಿಂದ? ಮೊನ್ನೆ ಗಾಜು ಹಚ್ಚಿದಾಗ? ಮೊದಲಿಂದ? … ಬಾಗಲಾ ಸಂದಿಲೆ ನೋಡೀದಿ. ಹೌದಿಲ್ಲೋ? ಯಾರರ ಬಂದ್ರ ಮುದುಕ ಹೊರಗ ಕೆಮ್ಮೂದು, ನಾ ತಿಗರಿ ಬಿಟ್ಟು ದಡಕ್ಕನ ಎದ್ದು ಹಲಗಿ ಹಿಡಿಯೂದು, ಅಂವ ಒಳಗ ಬಂದು ನನ್ನ ಜಾಗಾದಾಗ ಕುಂದ್ರೂದು… ಎಲ್ಲಾ ನೋಡೀದಿ. ಮತ್ತ ಸಾಹೇಬನ ಮುಂದ, ಬಾಲಪ್ಪನ ಮುಂದ, ನಿನ್ನ ಗಂಡನ ಮುಂದ, ಒಂದ ಮಾತು? "ನಾನಲ್ಲ" ಅಂತ ಒಂದ ಮಾತು? ಮುಂಜಾನಿಂದ ನಾ ಬೈಯಾಕತ್ತೀನಿ, ಮಾಡದಾಕಿಗೆ ಮಾಡೀದಿ ಅಂತ ಬೈಯಾಕತ್ತೀನಿ, ನನಗರ ಅನಬಾರದ? "ಅತ್ತಿ, ನೀ ಸುಳ್ಳಿ" ಅನಬಾರದ? ಅನ್ನು! ಈಗರ ಅನ್ನು! ಅಂದ್ರ ನನಗ ಹಗುರಾಕ್ಕೈತಿ, ಒದರಾಡಾಕ ಬರ್ತೈತಿ…

ಏನು ಮಾಡ್ತೀ ಅದನ್ನ? ಯಾಕ ತಿರುವಿ ಇಡ್ತೀ? … ಗೆರಿ ಇದ್ದ ಮಗ್ಗಲಾ ಗ್ವಾಡಿ ಕಡೆ ಮಾಡಿ ಇಟ್ಟಿ. ಅವರಿಗೆ ಕಾಣಬಾರದಂತ. ಅವರು ಮತ್ತ ಬೆರಳಿಟ್ಟು ನೋಡಬಾರದಂತ. ಮತ್ತ ಗಂಟಿನ ಮಗ್ಗಲಕ ಹೋಗಿ ಕುಂತಿ. ನಾ ಹೇಳೂಕ್ಕಿಂತ ಮೊದಲ ಕಟ್ಟಿದ್ಯಲ್ಲ ಆ ಗಂಟು. ನಾ ಕಳಸ್ತೀನಿ ಅಂತ ಗೊತ್ತಿತ್ತು ನಿನಗ.

ಥೂ. ಥೂ ನನ್ನ ಬಾಳೇವಕ್ಕ!

ಕೇಳಿಲ್ಲಿ. ನಿಮ್ಮ ಮಾವಗ ಆ ಜ್ವರಾ ಬಂದು ಕೈ ಹೋದಾಗ ಹನಮಪ್ಪ ಮಲಿ ಕುಡಿಯೂ ಕೂಸು. ಮದಿವಿ ಮನಿಯಾರು ಐರಾಣಿಗೆ ಹೇಳಿ ಹೋಗಿದ್ರು. ಮುದುಕ ತಿಗರಿ ಮುಂದ ಕುಂತು ಮಣ್ಣು ಎತ್ತತಾನ, ಬೀಳತೈತಿ. ಎತ್ತತಾನ, ಬೀಳತೈತಿ. ಸಣ್ಣ ಹುಡುಗರಗತೆ ಅಳಾಕತ್ತ. ನಾ "ಅತ್ತಾಗ ಸರಿ" ಅಂದೆ. ಸರದ. ಕುಂತೆ. ಎಷ್ಟೋ ವರ್ಷ ಅವನ ಕೈ ನೋಡೀನಿ, ನನ್ನ ಕೈಗೆ ತಾನ ಬಂತು. ಅವತ್ತಿಂದ ಇವತ್ತಿನ ತನಕ ಈ ಮನಿ ಉಂಡ ಅನ್ನ ಎಲ್ಲಾ ಈ ಸೊಟ್ಟ ಬೆರಳಿಂದು. ಒಂದೊಂದು ಗಡಿಗಿ ಇಳಿಸಿದಾಗೂ ಒದ್ದಿ ಅರವಿ ತಗೊಂಡು ನನ್ನ ಗೆರಿ ನಾನ ಒರಸೀನಿ. ಒಂದ, ಒಂದ ಗಡಿಗಿ ಒರಸಲಾರದ ಇಟ್ಟಿದ್ದೆ. ಮನಸ ಬರಲಿಲ್ಲ. ನನ್ನದು ಅಂತ ಒಂದರ ಇರ್ಲಿ ಅಂತ ಕಣಜದ ಹಿಂದ ಇಟ್ಟೆ. ಅದನ್ನ ನೀ ಆರಿಸಿದಿ ಮಬ್ಬಿ. ಗುಡ್ಡಿಗಟ್ಟಲೆ ಇದ್ದುವು, ಅದನ್ನ ಆರಿಸಿದಿ.

ಅಳಬ್ಯಾಡ. ನಾ ಅಳಾಕತ್ತೀನೇನು? ನನಗ ಸಿಟ್ಟು ಬಂದೈತಿ. ಇದು ಸಿಟ್ಟು. ತಪ್ಪು ಮಾಡಿದಾಕಿ ಅಳತಾಳ, ನಾ ಏನು ತಪ್ಪು ಮಾಡೀನಿ? ಗಡಿಗಿ ಮಾಡೀನಿ! ಅವರ ಮಕ್ಕಳ ಮದಿವಿಗೆ ಮಾಡೀನಿ, ಅವರ ದೇವರಿಗೆ ಮಾಡೀನಿ.

ಆ ಗಡಿಗಿ ಈ ಕಡೆ ತಿರುವು. ಹೂಂ, ಗೆರಿ ಬಾಗಲಕ ಕಾಣೂ ಹಂಗ. ಆ ಗಂಟು ಬಿಚ್ಚಿ ಗೂಟಕ್ಕ ಹಾಕು ಸೀರಿ. ಮತ್ತ ಮಣ್ಣು ತಾ, ನಿನ್ನೆ ತುಳದಿಟ್ಟಿದ್ದು ಐತಲ್ಲ, ಆ ಮುದ್ದಿ. ದೊಡ್ಡದು ತಾ. ಬಾಗಲಾ ಪೂರಾ ತಗಿ, ಅಗಳಿ ಗಿಗಳಿ ಹಾಕಬ್ಯಾಡ. ಬಂದು ನೋಡ್ಲಿ ಬಾಲಪ್ಪ, ಗಾಳೆಮ್ಮ ಹೆಂಗ ಎತ್ತತಾಳ ಅಂತ. ತಿಗರಿ ಒಡೀತೀನಿ ಅಂದ್ರ ಒಡೀಲಿ, ಈ ಗಡಿಗಿ ಎತ್ತಿದ ಮ್ಯಾಲೆ ಒಡೀಲಿ.

ತಿರುಗಸು. ಕೋಲು ಹಾಕು, ಜೋರಾಗಿ… ಹಾಂ.

… ಕೇಳಿತು, ಕೇಳಿತು. ನನಗೂ ಕಿವಿ ಅದಾವ. ಮುದುಕ ಕೆಮ್ಮಾಕತ್ತಾನ.

ಕೆಮ್ಮಲಿ. ಕೈ ಬಿಡಬ್ಯಾಡ ನೀ, ತಿರುಗಸು. ಇವತ್ತ ನಾ ಏಳೂದಿಲ್ಲ.